ಶಾಲು ಮತ್ತು ಬೆಸಾಂವ್

ಜುಲೈ ತಿಂಗಳ ನಾಲ್ಕನೇ ಭಾನುವಾರವೆಂದರೆ ಮಂಗಳೂರು ಕಡೆ ಜಡಿಮಳೆಯ ಕಾಲ. ನಮ್ಮ ಚರ್ಚಿನಲ್ಲಿ ಅಂದು ಬಲಿಪೂಜೆ ಮುಗಿದ ಮೇಲೆ ವಯಸ್ಸಾದವರನ್ನೆಲ್ಲ ಮುಂದೆ ಸಾಲಾಗಿ ಕೂರಿಸುತ್ತಾರೆ. ಆಳಿಗೊಂದು ಶಾಲು, ಒಂದು ಗುಲಾಬಿ, ಕೊನೆಗೆ ಫೋಟೊ. ಆಮೇಲೆ ಸಭಾಂಗಣದಲ್ಲಿ ಕೇಕು, ಚಹಾ. ಕಳೆದ ಸಲ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದು ಕೊಡೆ ಮಡಚಿಡುವಾಗ ಹೊಳೆಯಿತು: ಅಷ್ಟು ಜನ ಅಜ್ಜ ಅಜ್ಜಿಯರಲ್ಲಿ ಒಬ್ಬರ ಕೈಗೂ ಮೈಕು ಹೋಗಲಿಲ್ಲ.

ಅಜ್ಜ ಅಜ್ಜಿಯರ ಈ ದಿನ ಹಳೆಯದಲ್ಲ. ಪೋಪ್ ಫ್ರಾನ್ಸಿಸ್ 2021ರಲ್ಲಿ, ಕೋವಿಡ್ಡಿನಿಂದ ಮುದುಕರು ಕೋಣೆಯೊಳಗೇ ಉಳಿದ ಕಾಲದಲ್ಲಿ ಇದನ್ನು ಆರಂಭಿಸಿದರು. ಯೇಸುವಿನ ಅಜ್ಜ ಅಜ್ಜಿಯರೆಂದು ನಂಬಲಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ ಬರುವುದರಿಂದ ಅದರ ಆಸುಪಾಸಿನ ಭಾನುವಾರವನ್ನೇ ಆರಿಸಿದರು. ಈ ಇಬ್ಬರ ಹೆಸರು ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ಎರಡನೇ ಶತಮಾನದ, ಬೈಬಲ್ಲಿಗೆ ಸೇರದ ಒಂದು ಗ್ರಂಥದಿಂದ ಬಂದವರು. ಹೊಸ ಒಡಂಬಡಿಕೆಯಲ್ಲಿ 'ಅಜ್ಜಿ' ಎಂಬ ಮಾತು ಬರುವುದು ಒಂದೇ ಒಂದು ಸಲ, ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ. ಆ ಅಜ್ಜಿ ಲೋವಿ. ಪತ್ರ ಅವಳನ್ನು ನೆನೆಯುವುದು ಅವಳ ಮುಪ್ಪಿಗಾಗಿ ಅಲ್ಲ, ಅವಳಲ್ಲಿ ಮೊದಲು ನೆಲೆಸಿ ಮಗಳ ಮೂಲಕ ಮೊಮ್ಮಗನಿಗೆ ಇಳಿದ ನಂಬಿಕೆಗಾಗಿ. ತಮಗೆ ಪ್ರಾರ್ಥನೆ ಕಲಿಸಿದ್ದು ಅಜ್ಜಿ ರೋಸಾ ಎಂದು ಫ್ರಾನ್ಸಿಸ್ ಕೂಡ ಹೇಳಿಕೊಂಡಿದ್ದರು. ಬೇರನ್ನು ಕಾಯುವುದು, ನಂಬಿಕೆಯನ್ನು ಎಳೆಯರಿಗೆ ದಾಟಿಸುವುದು ಹಿರಿಯರ ಕರೆ ಎಂದು ಆ ಮೊದಲ ವರ್ಷದ ಸಂದೇಶದಲ್ಲೇ ಇದೆ. ಅಂದರೆ ಸಂದೇಶ ಅವರಿಗೊಂದು ಕೆಲಸ ಕೊಟ್ಟಿತ್ತು. ನಾವು ಶಾಲು ಕೊಟ್ಟು ಕೂರಿಸಿದೆವು.

ಹಾಗೆಂದು ನಮಗೆ ಬೇರೆ ದಾರಿ ಗೊತ್ತಿರಲಿಲ್ಲವೇ? ಕೊಂಕಣಿ ಮಾತಾಡುವ ಕಥೋಲಿಕ ಮನೆಗಳಲ್ಲಿ ತೇರ್ಸ್ ಇತ್ತು. ಇಡೀ ಜಪಸರಕ್ಕೆ ನೂರೈವತ್ತು ಮಣಿಯಾದರೆ ಅದರ ಮೂರನೇ ಒಂದು ಪಾಲು, ಐವತ್ತು, ಒಂದು ಸಂಜೆಗೆ; ಪೋರ್ಚುಗೀಸಿನಿಂದ ಬಂದ ಈ ಹೆಸರಿಗೂ ಅದೇ ಅರ್ಥ. ಚರ್ಚಿನ ಗಂಟೆಗೆ ಆಮೊರಿ ಎಂಬ ಪ್ರಾರ್ಥನೆ ಹೇಳಿ, ಮುಸ್ಸಂಜೆ ಕಳೆದ ಮೇಲೆ ಮನೆಯ ಆಲ್ತಾರಿನ ಮುಂದೆ ಎಲ್ಲರೂ ಮೊಣಕಾಲೂರುತ್ತಿದ್ದರು. ಅಜ್ಜಿ 'ನಮಾನ್ ಮರಿಯೆ' ಜಪದ ಮೊದಲರ್ಧ ಹೇಳಬೇಕು, ಉಳಿದವರು ಉಳಿದರ್ಧ ತುಂಬಬೇಕು. ನಮ್ಮಜ್ಜಿ ಮೂರನೇ ಹತ್ತನ್ನು ಯಾವಾಗಲೂ ಮೊಮ್ಮಕ್ಕಳಲ್ಲೊಬ್ಬರಿಗೆ ಬಿಡುತ್ತಿದ್ದಳು. ಎಂಟಕ್ಕೇ ನಿಲ್ಲಿಸಿದರೆ ಬೈಯುತ್ತಿರಲಿಲ್ಲ. ತನ್ನ ಜಪಸರವನ್ನು ಎತ್ತಿ ಉಳಿದೆರಡು ಮಣಿ ತೋರಿಸುತ್ತಿದ್ದಳು, ಅಷ್ಟೇ. ಧರ್ಮೋಪದೇಶದ ತರಗತಿಯಲ್ಲಿ ನಾನು ಬಾಯಿಪಾಠ ಮಾಡಿದ್ದು ಬಹುಪಾಲು ಮರೆತಿದೆ. ಆ ಎರಡು ಮಣಿ ಮರೆತಿಲ್ಲ.

ತೇರ್ಸ್ ಮುಗಿದ ಮೇಲೆ ಬೆಸಾಂವ್. ಕಿರಿಯರು ಎದ್ದು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಬೇಡುವುದು. 'ದೇವ್ ಬರೆಂ ಕರುಂ' ಎಂದು ಅಜ್ಜಿ ಹೇಳುವಳು. ಬೆಳಗ್ಗೆ ಅವಳೊಡನೆ ಜಗಳಾಡಿದ ಅಪ್ಪನೂ ಸಂಜೆ ಹೋಗಿ ನಿಲ್ಲಲೇಬೇಕಿತ್ತು. ಈ ರೂಢಿಯ ಜಾಣತನವೆಲ್ಲ ಇಲ್ಲಿದೆ. ಇಲ್ಲಿ ಹಿರಿಯರು ಪಡೆಯುವವರಲ್ಲ, ಕೊಡುವವರು; ಗೌರವವೆಂಬ ಮಾತು ಬಾಯಿಗೆ ಬಾರದೆಯೇ ಗೌರವ ಸಲ್ಲುತ್ತದೆ. ಶಾಲು ವರ್ಷಕ್ಕೊಮ್ಮೆ, ಬೆಸಾಂವ್ ದಿನಕ್ಕೊಮ್ಮೆ.

ಹಳೆಯದನ್ನೆಲ್ಲ ಹೊಗಳುವ ಉಮೇದಿನಲ್ಲಿ ನಾನಿಲ್ಲ. ತೂಕಡಿಸುವ ಮಗುವಿನ ತೊಡೆ ಚಿವುಟಿದ್ದೂ ಅದೇ ಸಂಜೆಯಲ್ಲೇ. ಅಮ್ಮ ಒಲೆಯ ಮುಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿ ಮಂಡಿಯೂರುವಷ್ಟರಲ್ಲಿ ಎರಡು ಹತ್ತು ಮುಗಿದಿರುತ್ತಿತ್ತು. ಅವಳಿಗಾಗಿ ಯಾರೂ ಕಾಯುತ್ತಿರಲಿಲ್ಲ. ಇನ್ನೂ ಕಹಿಯಾದದ್ದೊಂದಿದೆ. ಯಾವ ಮನೆ ಬಾಮಣ್, ಯಾವ ಮನೆ ಚಾರೊಡಿ, ಎಲ್ಲಿಂದ ಹೆಣ್ಣು ತರಬಹುದು, ಎಲ್ಲಿಂದ ಕೂಡದು ಎಂಬುದನ್ನೂ ನಮಗೆ ಕಲಿಸಿದವರು ಅಜ್ಜಿಯರೇ. ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಬೇಕಿದ್ದ ಜಾತಿ ಜಪಸರ ಹಿಡಿದ ಕೈಗಳಲ್ಲೇ ದಾಟಿ ಬಂತು. ಸನ್ಮಾನದ ಭಾಷಣಗಳಲ್ಲಿ ಇದರ ಸುದ್ದಿ ಬರುವುದಿಲ್ಲ. ಹಿರಿಯರನ್ನು ದೊಡ್ಡವರೆಂದು ನಿಜವಾಗಿ ಎಣಿಸುವವರು ಅವರ ತಪ್ಪಿಗೂ ಲೆಕ್ಕ ಕೇಳಬೇಕು. ಶಾಲು ಹೊದಿಸಿದವರಿಗೆ ಆ ಉಸಾಬರಿ ಇಲ್ಲ.

ಈಗ ಮೊಮ್ಮಕ್ಕಳು ದುಬೈಯಲ್ಲಿ, ಕುವೈತಿನಲ್ಲಿ. ಬೆಸಾಂವ್ ವಾಟ್ಸಾಪಿನ ವಿಡಿಯೊದಲ್ಲಿ ಬರುತ್ತದೆ. ಬಂದರೆ ಒಳ್ಳೆಯದೇ, ನನ್ನ ತಕರಾರಿಲ್ಲ. ತೊಡಕು ಭಾಷೆಯದು. ಅಜ್ಜಿ ಕೊಂಕಣಿಯಲ್ಲಿ ಮೊದಲರ್ಧ ಹೇಳಿದರೆ ಉಳಿದರ್ಧ ತುಂಬಲು ಆ ಮಕ್ಕಳಿಗೆ ಬರುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಅಕ್ಕಿ ಬೆರೆಸಿದ ಹಾಲನ್ನು ಮನೆಯ ಹಿರಿಯರೇ ಹಂಚುವ ಪದ್ಧತಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಅಲ್ಲಿ ಹಿರಿಯರ ಕೈಗೊಂದು ಕೆಲಸ ಉಳಿದಿದೆ, ಅದಕ್ಕೇ.

ಅಜ್ಜ ಅಜ್ಜಿಯರ ದಿನ ನಿಲ್ಲಲಿ ಎಂದು ನಾನು ಹೇಳಲಾರೆ. ಶಾಲು ಹೊದ್ದ ನಮ್ಮ ಪಕ್ಕದ ಮನೆಯ ಅಜ್ಜನ ಮುಖ ನೋಡಿದ್ದೇನೆ. ಆ ಸಂತೋಷ ಸುಳ್ಳಲ್ಲ. ನನ್ನ ಬೇಡಿಕೆ ಸಣ್ಣದು. ನಮ್ಮ ಚರ್ಚಿನಲ್ಲಿ ಬಲಿಪೂಜೆಗೆ ಅರ್ಧ ಗಂಟೆ ಮೊದಲು ಜಪಸರ ಇರುತ್ತದೆ, ಮೈಕು ಯುವಕ ಸಂಘದವರ ಕೈಯಲ್ಲಿರುತ್ತದೆ. ಮುಂದಿನ ಜುಲೈಯಲ್ಲಿ ಅದನ್ನು ಒಬ್ಬ ಅಜ್ಜಿಗೆ ಕೊಡಿ. ಮೂರನೇ ಹತ್ತನ್ನು ಯಾರಿಗೆ ಬಿಡಬೇಕೆಂದು ಅವಳೇ ಹೇಳಲಿ.