ಕುರ್ಸುರಾ ಮುಳುಗಬೇಕಾದ ರೀತಿ

ಐಎನ್‌ಎಸ್ ಕುರ್ಸುರಾ ಮಾದರಿಯ ಬಣ್ಣದ ಬಗ್ಗೆ ಈ ವಾರ ಬರೆಯುವುದೆಂದಿತ್ತು. ಬಣ್ಣ ಮುಂದಿನ ವಾರಕ್ಕಿರಲಿ. ಮಾದರಿ ಜಲಾಂತರ್ಗಾಮಿಗೆ ಟ್ಯಾಂಕೇ ಬೇಡ, ಮೋಟಾರಿನ ವೇಗ ಮತ್ತು ರೆಕ್ಕೆಗಳ ಓರೆಯಿಂದಲೇ ಅದನ್ನು ಮುಳುಗಿಸಬಹುದು ಎಂಬ ಹಳೆಯ ವಾದ ಮತ್ತೆ ತಲೆಯೆತ್ತಿದೆ.

ಹಾಗೆ ಮುಳುಗಿದ ಮಾದರಿ ಮೋಟಾರು ನಿಂತ ಕೂಡಲೇ ಮೇಲೆ ಬರುತ್ತದೆ. ಖರ್ಚು ಕಡಿಮೆ, ಕಳೆದುಹೋಗುವ ಭಯವೂ ಇಲ್ಲ. ಆದರೆ 1969ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿ 2001ರವರೆಗೆ ದುಡಿದು, ಈಗ ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಕುರ್ಸುರಾ ಮುಳುಗುತ್ತಿದ್ದುದು ಟ್ಯಾಂಕಿಗೆ ನೀರು ತುಂಬಿಕೊಂಡು. ಮೂತಿಯ ಆರು, ಹಿಂಬದಿಯ ನಾಲ್ಕು ಟಾರ್ಪಿಡೊ ಕೊಳವೆಗಳನ್ನೂ ಮೂರು ಪ್ರೊಪೆಲ್ಲರ್‌ಗಳನ್ನೂ ಕೂದಲೆಳೆಯಷ್ಟು ತಪ್ಪದಂತೆ ಮಾಡಿದವರು, ಮುಳುಗುವ ವಿಷಯದಲ್ಲಿ ಮಾತ್ರ ರಾಜಿಯಾಗುವುದು ಈ ಅಂಕಣಕ್ಕೆ ಒಪ್ಪಿಗೆಯಿಲ್ಲ.

ಲೆಕ್ಕ ನೋಡಿ. ಈ ವರ್ಗದ ಜಲಾಂತರ್ಗಾಮಿಯ ಉದ್ದ ಸುಮಾರು 91 ಮೀಟರ್. ತೇಲುವಾಗ ಅದರ ತೂಕ ಸುಮಾರು 1,950 ಟನ್, ಮುಳುಗಿದಾಗ 2,475 ಟನ್. ನೂರರಲ್ಲೊಂದು ಅಳತೆಗೆ ಇಳಿಸಿದರೆ ಉದ್ದ 91 ಸೆಂಟಿಮೀಟರ್. ತೂಕವನ್ನು ಹತ್ತು ಲಕ್ಷದಿಂದ ಭಾಗಿಸಬೇಕು. ಎರಡು ತೂಕಗಳ ನಡುವಿನ ವ್ಯತ್ಯಾಸ ಅರ್ಧ ಲೀಟರ್ ನೀರಿಗಿಂತ ತುಸು ಹೆಚ್ಚು, ಅಷ್ಟೇ.

ಅಷ್ಟೂ ಬೇಕಾಗುವುದಿಲ್ಲ. ಹೊರಕವಚದೊಳಗೆ ನೀರು ಸಲೀಸಾಗಿ ಹರಿದಾಡುವಂತೆ ಕಿಂಡಿ ಬಿಟ್ಟರೆ, ತೇಲುವಾಗ ನೀರಿನಿಂದ ಮೇಲಿರುವ ಗಟ್ಟಿ ವಸ್ತುವಿನ ಗಾತ್ರದಷ್ಟು ನೀರು ಟ್ಯಾಂಕಿಗೆ ಸಾಕು. ಅಂದರೆ ಮೇಲ್ಭಾಗ ತೆಳ್ಳಗಿದ್ದಷ್ಟೂ ಟ್ಯಾಂಕು ಚಿಕ್ಕದು. ತ್ರೀಡಿ ಪ್ರಿಂಟರ್‌ನಲ್ಲಿ ದಪ್ಪ ಗೋಡೆಯ ಮೇಲ್ಮೈ ಮಾಡಿಕೊಂಡು, ಆಮೇಲೆ ಟ್ಯಾಂಕಿಗೆ ಜಾಗವಿಲ್ಲ ಎಂದು ಗೊಣಗುವವರು ಒಮ್ಮೆ ಅಚ್ಚಿನಲ್ಲಿ ತೆಳುವಾಗಿ ಎಳೆದ ಫೈಬರ್‌ಗ್ಲಾಸ್ ಹಿಡಿದು ನೋಡಬೇಕು.

ಸಮತೋಲಕ್ಕೆ ತಾಳ್ಮೆ ಬೇಕು. ಸೀಸದ ತುಂಡುಗಳು ತಳದಲ್ಲಿ, ಥರ್ಮೊಕೋಲ್ ಚೂರುಗಳು ಮೇಲೆ. ತೇಲುವಾಗ ಮೂತಿ ಬಗ್ಗಿದರೆ ನೀರಿನ ಗೆರೆಯ ಕೆಳಗೆ ಚೂರು ಅಂಟಿಸಬೇಕು. ಮುಳುಗಿದ ಮೇಲೆ ಮಾತ್ರ ಬಗ್ಗಿದರೆ ಗೆರೆಯ ಮೇಲೆ. ಅಲ್ಲಿಟ್ಟ ಚೂರು ತೇಲುವಾಗ ಗಾಳಿಯಲ್ಲಿರುತ್ತದೆ, ತೇಲುವ ಮಟ್ಟವನ್ನು ಕೆಡಿಸುವುದಿಲ್ಲ.

ಇನ್ನು ನೀರಿನ ಮಾತು. ಕಡಲಿಂದ ದೂರದ ಬದನಗುಪ್ಪೆಯ ಕಡೆ ಕಲಿಯುವವರಿಗೆ ಸುವರ್ಣಾವತಿ ಜಲಾಶಯಕ್ಕಿಂತ ತೋಟದ ಪಂಪ್‌ಸೆಟ್ ತೊಟ್ಟಿಯೇ ವಾಸಿ. ತಿಳಿನೀರಿನಲ್ಲಿ ಮಾದರಿ ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ಒಂದು ಎಚ್ಚರಿಕೆ: ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ರೇಡಿಯೊ ಅಲೆ ಬೇಗ ಸೊರಗುತ್ತದೆ. ವಿಮಾನದ ಮಾದರಿಗಳ 2.4 ಗಿಗಾಹರ್ಟ್ಸ್ ಸೆಟ್ಟಂತೂ ಯಾವ ನೀರಿನಲ್ಲೂ ಕೆಲವೇ ಇಂಚಿಗೆ ಕೈಕೊಡುತ್ತದೆ. 27 ಅಥವಾ 40 ಮೆಗಾಹರ್ಟ್ಸ್‌ನ ಹಳೆಯ ಸೆಟ್ಟು ಸಿಹಿನೀರಿನಲ್ಲಿ ಕೆಲವು ಮೀಟರ್ ಆಳಕ್ಕೂ ಮುಟ್ಟುತ್ತದೆ. ಹಳೆಯ ಸೆಟ್ಟನ್ನು ಗುಜರಿಗೆ ಹಾಕಬೇಡಿ ಎಂದು ಇಲ್ಲಿ ಪದೇಪದೇ ಬರೆದದ್ದು ಇದಕ್ಕೇ.

ಉಪ್ಪುನೀರಿನಲ್ಲಿ ಅದೂ ನಡೆಯದು. ನಿಜವಾದ ಜಲಾಂತರ್ಗಾಮಿಗಳೊಂದಿಗೆ ಮಾತಾಡಲು ನೌಕಾಪಡೆ ತಮಿಳುನಾಡಿನ ತಿರುನೆಲ್ವೇಲಿ ಬಳಿ, ಕಡಲಿನಿಂದ ಒಳಗೆ, ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಕೇಂದ್ರವನ್ನೇ 1990ರಲ್ಲಿ ತೆರೆಯಿತು. ಅಲ್ಲಿಂದ ಹೊರಡುವುದು ಮೆಗಾಹರ್ಟ್ಸ್ ಅಲ್ಲ, ಕಿಲೋಹರ್ಟ್ಸ್‌ನ ಅಲೆ. ಅದಕ್ಕೆ ಬೇಕಾಗುವುದು ಆಕಾಶಕ್ಕೆ ಚಾಚಿದ ಗೋಪುರಗಳು. ತೊಟ್ಟಿಯ ಪಕ್ಕ ನಿಂತವರಿಗೆ ಅಷ್ಟೆಲ್ಲ ಬೇಡ. ಸಂಕೇತ ಕಡಿದ ಕ್ಷಣ ಟ್ಯಾಂಕು ತಾನಾಗಿ ಖಾಲಿಯಾಗುವಂತೆ ರಿಸೀವರ್ ಹೊಂದಿಸಿಕೊಂಡು, ಅದನ್ನು ಮೊಣಕಾಲುದ್ದ ನೀರಿನಲ್ಲೇ ಪರೀಕ್ಷಿಸಿಕೊಂಡರಾಯಿತು.