ಬಿಳಿ ಮಾಡಿಸಿದ ಹಲ್ಲಿಗೆ ಬೀಗರೂಟ

ಮಂಡ್ಯ ಸೀಮೆಯಲ್ಲಿ ಮದುವೆ ಗೊತ್ತಾದರೆ ಸೀರೆ, ಒಡವೆ, ಛತ್ರದ ಓಡಾಟದ ಜೊತೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೂ ಈಚೆಗೆ ಸೇರಿಕೊಳ್ಳುತ್ತಿದೆ. ಫೋಟೊದಲ್ಲಿ ನಗು ಚೆನ್ನಾಗಿ ಬರಲಿ ಎಂದು ಕೆಲವರು ಹಲ್ಲು ಬಿಳಿ ಮಾಡಿಸುತ್ತಾರೆ, ಕೆಲವರು ಮುಂದಿನ ಹಲ್ಲುಗಳ ಮೇಲೆ ಪಿಂಗಾಣಿಯ ತೆಳು ಪದರ, ಅಂದರೆ ವೆನೀರ್, ಕೂರಿಸಿಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಮುಹೂರ್ತ ಮುಗಿದು ಬೀಗರೂಟದ ಎಲೆ ಮುಂದೆ ಕೂತಾಗ. ಇಲ್ಲಿನ ಯಲಿಯೂರಿನ ಕಡೆ ಆ ಎಲೆಗೆ ಹಬೆಯಾಡುವ ಮುದ್ದೆ, ಕುದಿಯುವ ಸಾರು, ಬೋಟಿ ಗೊಜ್ಜು, ಚಾಪ್ಸ್ ಎಲ್ಲ ಬಂದು, ಕೊನೆಗೆ ಐಸ್‌ಕ್ರೀಮೂ ಬರುತ್ತದೆ. ಹಲ್ಲು ಜುಮ್ಮೆನ್ನುತ್ತದೆ ಎಂದು ಹೊಸ ಅಳಿಯ ಬರಿ ಅನ್ನ ಮೊಸರು ಕಲಸಿಕೊಂಡು ಎದ್ದುಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಹಾಗೆ ಏಳುವ ಅಗತ್ಯವೂ ಇಲ್ಲ.

ಜುಮ್ಮೆನ್ನುವುದು ಯಾಕೆ? ಹಲ್ಲಿನ ಹೊರಗಿನ ಗಟ್ಟಿ ಕವಚ ಎನಾಮಲ್. ಅದರ ಒಳಗಿರುವ ಡೆಂಟಿನ್ನಿನಲ್ಲಿ ಕಣ್ಣಿಗೆ ಕಾಣದ ಕೊಳವೆಗಳು ಒಂದು ಚದರ ಮಿಲಿಮೀಟರಿಗೆ ಸಾವಿರಾರು ಇರುತ್ತವೆ, ಅವುಗಳಲ್ಲಿ ದ್ರವ ತುಂಬಿರುತ್ತದೆ. ತಣ್ಣಗಿನದು, ಸುಡುವುದು, ಗಟ್ಟಿ ಸಿಹಿ ಯಾವುದು ತಗುಲಿದರೂ ಆ ದ್ರವ ಅಲುಗಿ ನರವನ್ನು ಎಚ್ಚರಿಸುತ್ತದೆ. ಸ್ವೀಡನ್ನಿನ ಮಾರ್ಟಿನ್ ಬ್ರೆನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ ಈ ವಿವರಣೆಯನ್ನೇ ದಂತವೈದ್ಯರು ಇಂದಿಗೂ ಒಪ್ಪುತ್ತಾರೆ. ಬಿಳಿ ಮಾಡುವ ಪೆರಾಕ್ಸೈಡ್ ಎನಾಮಲನ್ನು ದಾಟಿ ಒಳಕ್ಕೆ ಇಳಿಯುತ್ತದೆ. ವೆನೀರಿಗೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ಕೆರೆಯುತ್ತಾರೆ. ಬಿಳಿ ಮಾಡಿಸಿದ ನೋವು ಮೊದಲ ಒಂದೆರಡು ದಿನ ಜೋರಾಗಿದ್ದು, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹಾಗಾಗಿ ಮದುವೆಗೆ ಮೂರು ವಾರ ಇರುವಾಗಲೇ ಆ ಕೆಲಸ ಮುಗಿಸಿಕೊಂಡವರು ಜಾಣರು. ಶೇ. 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಡಾಕ್ಟರನ್ನು ಕೇಳಿಕೊಂಡು ಮೊದಲೇ ಶುರುಮಾಡುವುದು ಒಳ್ಳೆಯದು, ಅದು ನಾಟಲು ಕೆಲವು ವಾರ ಬೇಕು.

ಇನ್ನು ಊಟ. ನೊಂದ ಹಲ್ಲಿಗೆ ರಾಗಿಮುದ್ದೆಯಷ್ಟು ಒಪ್ಪುವ ಆಹಾರ ಬೇರೆ ಇಲ್ಲ, ಯಾಕೆಂದರೆ ಅದನ್ನು ಅಗಿಯುವುದೇ ಇಲ್ಲ. ಮುರಿದು, ಸಾರಿಗೆ ಅದ್ದಿ, ನುಂಗಿದರೆ ಆಯಿತು. ಮುಂದಿನ ಹಲ್ಲಿಗೆ ಕೆಲಸವಿಲ್ಲ. ಎಚ್ಚರ ಬೇಕಾದದ್ದು ಬಿಸಿಯ ಬಗ್ಗೆ ಮಾತ್ರ. ಮುದ್ದೆಯ ಮೇಲ್ಮೈ ಆರಿದರೂ ಹೊಟ್ಟೆಯೊಳಗೆ ಕೆಂಡದಂತೆ ಇರುತ್ತದೆ. ಎರಡಾಗಿ ಮುರಿದು ನಾಲ್ಕು ನಿಮಿಷ ಬಿಟ್ಟರೆ ರುಚಿ ಒಂದಿಷ್ಟೂ ಕೆಡುವುದಿಲ್ಲ. ಬಸ್ಸಾರು ಆರಿದ ಮೇಲಂತೂ ಇನ್ನೂ ಚೆನ್ನ.

ಮಾಂಸದಲ್ಲಿ ಆರಿಸಿಕೊಳ್ಳಬೇಕಾದದ್ದು ಕೈಮ ಉಂಡೆ. ಮಳವಳ್ಳಿ ತಾಲ್ಲೂಕಿನ ಬಂಡೂರು, ಎಲ್ಲರ ಬಾಯಲ್ಲಿ ಹೆಸರಾದ ಕುಳ್ಳು ಕಾಲಿನ ಬಂಡೂರು ಕುರಿಯ ತವರು. ಆ ಕುರಿಯ ಎಳೆ ಮಾಂಸವನ್ನು ಸಣ್ಣಗೆ ಕೊಚ್ಚಿ, ಕಾಯಿ, ಹುರಿಗಡಲೆ, ಮಸಾಲೆ ಸೇರಿಸಿ ಉಂಡೆ ಕಟ್ಟಿ ಸಾರಿನಲ್ಲಿ ಬೇಯಿಸಿದರೆ ನಾಲಿಗೆಯಲ್ಲೇ ಒಡೆಯುವಷ್ಟು ಮೆತ್ತಗಿರುತ್ತದೆ. ಇದನ್ನು ರೋಗಿಯ ಪಥ್ಯವೆಂದು ಯಾರೂ ಅನ್ನಲಾರರು, ಬೀಗರೂಟದಲ್ಲಿ ಮೊದಲು ಖಾಲಿಯಾಗುವ ಪಾತ್ರೆ ಅದೇ. ನಲ್ಲಿ ಮೂಳೆಯನ್ನು ಮಾತ್ರ ಹಲ್ಲಿನಿಂದ ಕಚ್ಚಬಾರದು. ತಟ್ಟೆಗೆ ತಟ್ಟಿ ಮಜ್ಜೆ ಬೀಳಿಸಿಕೊಳ್ಳಬೇಕು. ಪಿಂಗಾಣಿ ಒತ್ತಡವನ್ನು ತಡೆದೀತು, ಎಳೆತವನ್ನೂ ತಿರುಚನ್ನೂ ತಡೆಯುವುದು ಕಷ್ಟ.

ಅದೇ ಕಾರಣಕ್ಕೆ ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುವುದನ್ನು ವೆನೀರಿನವರು ಬಿಟ್ಟೇಬಿಡಬೇಕು. ಕನ್ನಂಬಾಡಿಯ ನಾಲೆ ನೀರು ಹರಿದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಎದ್ದ ಈ ಜಿಲ್ಲೆಯವರಿಗೆ ಇದನ್ನು ಹೇಳಲು ಬೇಸರವೇ. ಮಚ್ಚಿನಿಂದ ಕೆತ್ತಿ, ಸಣ್ಣ ತುಂಡು ಮಾಡಿ ದವಡೆಹಲ್ಲಿಗೆ ಕೊಟ್ಟರೆ ರಸ ಸಿಗುತ್ತದೆ. ರಸ್ತೆ ಬದಿಯ ಕಬ್ಬಿನ ಹಾಲಿನಲ್ಲಿ ಐಸು, ನಿಂಬೆ, ಸಿಹಿ ಮೂರೂ ಕೂಡಿ ಹಲ್ಲಿಗೆ ಎರಗುತ್ತವೆ. ಐಸೂ ನಿಂಬೆಯೂ ಬೇಡವೆಂದು ಹೇಳಿ, ಒಂದು ಚೂರು ಶುಂಠಿ ಹಾಕಿಸಿ ಕುಡಿದರೆ ಕಬ್ಬಿನ ನಿಜವಾದ ರುಚಿಯೂ ತಿಳಿಯುತ್ತದೆ. ಮದ್ದೂರು ವಡೆಯನ್ನು ಕೈಯಲ್ಲಿ ಮುರಿದು ದವಡೆಯಲ್ಲಿ ಅಗಿದರೆ ಸಾಕು. ಮುಂದಿನ ಹಲ್ಲಲ್ಲಿ ಕಚ್ಚಿ ಮುರಿಯುವುದು ಬೇಡ.

ಬಣ್ಣದ ಮಾತೂ ಇದೆ. ಬಿಳಿ ಮಾಡಿಸಿದ ಎರಡು ದಿನ ಕಾಫಿ, ಅರಿಶಿನ ಮುಟ್ಟಬೇಡಿ ಎಂದು ಹೇಳುವ ರೂಢಿಯಿದೆ, ಈಚಿನ ಅಧ್ಯಯನಗಳು ಅದರ ಅಗತ್ಯವನ್ನು ಪ್ರಶ್ನಿಸಿವೆ. ಆದರೂ ಆ ಎರಡು ದಿನಕ್ಕೆ ಒತ್ತು ಶ್ಯಾವಿಗೆ ಕಾಯಿಹಾಲು, ಉಗುರುಬೆಚ್ಚಗೆ, ಬೆಲ್ಲ ಕಡಿಮೆ ಹಾಕಿ ಮಾಡಿಸಿಕೊಂಡರೆ ಪಥ್ಯವೇ ಹಬ್ಬವಾಗುತ್ತದೆ. ಹಲ್ಲಿನ ಬಣ್ಣದ್ದೇ ರೆಸಿನ್ ಮೆತ್ತಿಸಿಕೊಂಡವರು ಅರಿಶಿನದ ಬಗ್ಗೆ ಹೆಚ್ಚು ದಿನ ಜೋಪಾನವಾಗಿರಬೇಕು, ರೆಸಿನ್ ಬಣ್ಣ ಹೀರುತ್ತದೆ.

ಹುಳಿ ಎನಾಮಲನ್ನು ಮೆದುವಾಗಿಸುತ್ತದೆ. ಹುಣಸೆಹುಳಿಯ ಸಾರು ಉಂಡ ಕೂಡಲೇ ಹಲ್ಲುಜ್ಜದೆ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು. ಮಜ್ಜಿಗೆ ಹುಳಿಯಾದರೂ ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ. ಫ್ರಿಜ್ಜಿನದು ಬೇಡ, ಮಡಕೆಯದಿರಲಿ. ಬಿಸಿ ಸಾರಿನ ಬೆನ್ನಿಗೇ ಐಸ್‌ಕ್ರೀಮು ತಿನ್ನುವುದಕ್ಕಿಂತ ಈ ಮಜ್ಜಿಗೆಯನ್ನು ಕುಡಿದು, ಊರಿನವರ ಜೊತೆ ಒಂದಷ್ಟು ಹೊತ್ತು ಮಾತಾಡಿ ಆಮೇಲೆ ತಿನ್ನಬಹುದು. ತಣ್ಣಗಿನದು ಗಂಟಲಿಗಿಳಿದ ಮೇಲೂ ಹಲ್ಲು ನಿಮಿಷಗಟ್ಟಲೆ ನೋಯುತ್ತಲೇ ಇದ್ದರೆ, ಅಥವಾ ಒಂದೇ ಹಲ್ಲು ಕಚ್ಚಿದಾಗ ಚುಚ್ಚಿದರೆ, ಅದು ಊಟದಿಂದ ಸರಿಹೋಗುವ ನೋವಲ್ಲ. ಕೆಲಸ ಮಾಡಿದ ಡಾಕ್ಟರಿಗೇ ಮತ್ತೆ ತೋರಿಸಬೇಕು.