ಕೌಂಟಿಯವರೆಗೆ ಬಂದು ನಿಲ್ಲುವ ದಾರಿ

1911ರ ಏಪ್ರಿಲ್ 2ರಂದು ನಡೆದ ಐರ್ಲೆಂಡಿನ ಜನಗಣತಿಯ ಹಾಳೆಯಲ್ಲಿ ಹುಟ್ಟಿದ ಸ್ಥಳಕ್ಕೊಂದು ಕಾಲಂ ಇದೆ. ದೇಶದೊಳಗೇ ಹುಟ್ಟಿದವರು ಅಲ್ಲಿ ಊರಿನ ಹೆಸರು ಹೇಳಬೇಕಿರಲಿಲ್ಲ. ಕೌಂಟಿಯ ಅಥವಾ ನಗರದ ಹೆಸರು ಬರೆದರೆ ಸಾಕಿತ್ತು. ಮೇಯೋ, ಕೆರ್ರಿ, ಕ್ಲೇರ್, ಅಷ್ಟೇ. ಹಡಗು ಹತ್ತಿ ಅಮೆರಿಕ ಸೇರಿದವರ ಪಾಲಿಗೆ ಅದೂ ಇಲ್ಲ; ಅಲ್ಲಿನ ಗಣತಿದಾರರು ಬಹುಮಟ್ಟಿಗೆ 'ಐರ್ಲೆಂಡ್' ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋದರು. ಹಾಗಾಗಿ ಬಾಸ್ಟನ್ನಿನಲ್ಲೋ ಮೆಲ್ಬರ್ನಿನಲ್ಲೋ ಇರುವ ಮರಿಮಗಳಿಗೆ ಮುತ್ತಜ್ಜನ ಸಮಾಧಿಗಲ್ಲಿನಲ್ಲಿ ಕೌಂಟಿಯ ಹೆಸರು ಸಿಕ್ಕಿಬಿಟ್ಟರೆ ಮೂಲವೇ ಸಿಕ್ಕಿದಷ್ಟು ಸಂತೋಷ. ಐರಿಷ್ ವಂಶಾವಳಿ ಹುಡುಕಾಟದ ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ. ಒಂದು ಕೌಂಟಿಯ ದಾಖಲೆ ವ್ಯವಸ್ಥೆಯನ್ನು ಅಳೆಯಬೇಕಾದದ್ದೂ ಅಲ್ಲಿಂದಲೇ: ಕೌಂಟಿಯಿಂದ ಅಜ್ಜನ ಹೊಲದವರೆಗೆ ಅದು ಕರೆದೊಯ್ಯುತ್ತದೆಯೆ?

ಇಡೀ ದ್ವೀಪದಲ್ಲಿ ಕೌಂಟಿಗಳು 32. ಅವುಗಳೊಳಗೆ ಬ್ಯಾರನಿ, ಪ್ಯಾರಿಷ್, ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದ್ದರೂ ಇದು ಪಟ್ಟಣವಲ್ಲ. ಸಾಮಾನ್ಯವಾಗಿ ಕೆಲವು ನೂರು ಎಕರೆಯ ತುಂಡು ನೆಲ. ಇಂಥವು 60,000ಕ್ಕೂ ಹೆಚ್ಚಿವೆ. ಗೇಣಿ, ಕಂದಾಯದ ಪುಸ್ತಕಗಳು ಮನುಷ್ಯರನ್ನು ಹಿಡಿದಿಟ್ಟದ್ದು ಈ ಹೆಸರುಗಳಡಿಯಲ್ಲಿ. ಕಾರ್ಕ್ ಕೌಂಟಿಯ ಸಲಿವನ್ ಮನೆತನ ಎಂದು ಗೊತ್ತಿದ್ದರೆ ಏನೂ ಗೊತ್ತಿಲ್ಲದಂತೆಯೇ; ಅಲ್ಲಿ ಸಲಿವನ್‌ಗಳು ಎಷ್ಟು ದಟ್ಟವಾಗಿದ್ದಾರೆಂದರೆ ಮನೆಮನೆಗೊಂದು ಅಡ್ಡಹೆಸರು ಇಟ್ಟುಕೊಂಡೇ ಅವರು ತಮ್ಮನ್ನು ಗುರುತಿಸಿಕೊಳ್ಳಬೇಕಾಯಿತು. ಕೌಂಟಿಯ ಹೆಸರೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಹಳೆಯ ಪತ್ರದ ಕಿಂಗ್ಸ್ ಕೌಂಟಿ ಇಂದಿನ ಆಫಲಿ. ಕ್ವೀನ್ಸ್ ಕೌಂಟಿ ಇಂದಿನ ಲೀಶ್.

ಎಲ್ಲ ದಾಖಲೆಯೂ 1922ರಲ್ಲಿ ಸುಟ್ಟುಹೋಯಿತಲ್ಲ ಎಂದು ಕೈಚೆಲ್ಲುವವರು ಬಹಳ. ಆ ವರ್ಷ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸ್ಫೋಟ ಮತ್ತು ಬೆಂಕಿಗೆ ತುತ್ತಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳು ಬಹುಪಾಲು ಅಲ್ಲೇ ಹೋದವು. ಆದರೆ 1861 ಮತ್ತು 1871ರ ಹಾಳೆಗಳನ್ನು ಅದಕ್ಕೂ ಎಷ್ಟೋ ಮೊದಲೇ ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿದ್ದವು. ಕಚೇರಿಯ ಅಲಕ್ಷ್ಯ ಮಾಡಿದ ಹಾನಿಯನ್ನೂ ಬೆಂಕಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಇನ್ನು ಕ್ಯಾಥೊಲಿಕ್ ಪ್ಯಾರಿಷ್‌ಗಳ ದೀಕ್ಷೆ-ಮದುವೆಯ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ. ಪಾದ್ರಿಗಳ ಮನೆಯ ಕಪಾಟಿನಲ್ಲಿದ್ದುದರಿಂದ ಉಳಿದವು.

ಸುಟ್ಟ ಗಣತಿಯ ಚೂರುಗಳೂ ಅನಿರೀಕ್ಷಿತ ಜಾಗದಲ್ಲಿ ಬದುಕಿವೆ. 1909ರಲ್ಲಿ ವೃದ್ಧಾಪ್ಯ ಪಿಂಚಣಿ ಜಾರಿಗೆ ಬಂದಾಗ ಎಪ್ಪತ್ತು ದಾಟಿದವರು ವಯಸ್ಸಿಗೆ ಪುರಾವೆ ಕೊಡಬೇಕಾಯಿತು. ಐರ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಹಾಗಾಗಿ ಅವರು ನಮೂನೆಯೊಂದರಲ್ಲಿ ತಂದೆತಾಯಿಯ ಹೆಸರು, ಬಾಲ್ಯದಲ್ಲಿ ಮನೆಯಿದ್ದ ಟೌನ್‌ಲ್ಯಾಂಡು ಬರೆದುಕೊಟ್ಟು 1841, 1851ರ ಗಣತಿಯಲ್ಲಿ ಹುಡುಕಿಸಿದರು. ಗುಮಾಸ್ತ ತಾನು ಕಂಡದ್ದನ್ನು ಅದೇ ನಮೂನೆಯಲ್ಲಿ ಗೀಚಿಟ್ಟ. ಮೂಲ ಹಾಳೆ ಹೋಯಿತು, ಗುಮಾಸ್ತನ ಟಿಪ್ಪಣಿ ಉಳಿಯಿತು.

ಇಲ್ಲದ ಗಣತಿಯ ಜಾಗದಲ್ಲಿ ಎಲ್ಲರೂ ಮೊದಲು ಕೈಹಾಕುವುದು ರಿಚರ್ಡ್ ಗ್ರಿಫಿತ್ ನೇತೃತ್ವದಲ್ಲಿ 1847ರಿಂದ 1864ರವರೆಗೆ ಪ್ರಕಟವಾದ ಭೂಮೌಲ್ಯ ಪಟ್ಟಿಗೆ. ಟೌನ್‌ಲ್ಯಾಂಡಿನ ಪ್ರಕಾರ ಯಾರು ಸಾಗುವಳಿದಾರ, ಯಾರು ಒಡೆಯ, ಎಷ್ಟು ನೆಲ, ಎಷ್ಟು ಮೌಲ್ಯ, ಎಲ್ಲವೂ ಅದರಲ್ಲಿದೆ. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಅದು ತೆರಿಗೆಗಾಗಿ ಹುಟ್ಟಿದ ಪುಸ್ತಕ. ಹೆಂಡತಿ, ಮಕ್ಕಳು, ಇನ್ನೊಬ್ಬರ ಕೊಟ್ಟಿಗೆಯಲ್ಲಿ ಮಲಗಿದ ಕೂಲಿಯವ ಅದರಲ್ಲಿಲ್ಲ. ಕ್ಲೇರ್ ಕೌಂಟಿಯ ಪಟ್ಟಿ ಮುಗಿದದ್ದು 1855ರಲ್ಲಿ. ಅಷ್ಟರೊಳಗೆ 1840ರ ದಶಕದ ಮಹಾ ಬರಗಾಲ ತನ್ನ ಕೆಲಸ ಮುಗಿಸಿತ್ತು. ಸತ್ತವರು, ಒಕ್ಕಲೆಬ್ಬಿಸಿಕೊಂಡವರು, ಹಡಗು ಹತ್ತಿದವರು ಆ ಪುಸ್ತಕಕ್ಕೆ ಸಿಗಲಿಲ್ಲ. ಹೊರದೇಶದಲ್ಲಿ ಕೂತು ಹುಡುಕುವವರಲ್ಲಿ ಬಹಳಷ್ಟು ಜನ ಅವರದೇ ಸಂತತಿ.

ಕ್ಲೇರ್ ಕೌಂಟಿಯ ಗ್ರಂಥಾಲಯ ದೊಡ್ಡ ಕೆಲಸ ಮಾಡಿರುವುದು ಇಲ್ಲಿ. ಎನಿಸ್ ಪಟ್ಟಣದ ಈ ಸಾರ್ವಜನಿಕ ಗ್ರಂಥಾಲಯ ಗ್ರಿಫಿತ್ ಪಟ್ಟಿ, ಚರ್ಚಿನ ದಶಾಂಶ ತೆರಿಗೆಯ ಪುಸ್ತಕ, ಸಮಾಧಿಗಲ್ಲುಗಳ ಬರಹ ಇವನ್ನೆಲ್ಲ ಸ್ವಯಂಸೇವಕರಿಂದ ನಕಲು ಮಾಡಿಸಿ ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ಇಟ್ಟಿದೆ. ಎಲ್ಲಕ್ಕಿಂತ ಬೆಲೆಬಾಳುವುದು ಕಿಲ್‌ರಶ್ ಭಾಗದ ಒಕ್ಕಲೆಬ್ಬಿಸುವಿಕೆಯ ಪಟ್ಟಿ. ಬಡವರ ಕಾನೂನಿನ ಇನ್‌ಸ್ಪೆಕ್ಟರ್ ಆಗಿ ಅಲ್ಲಿದ್ದ ಕ್ಯಾಪ್ಟನ್ ಆರ್ಥರ್ ಕೆನಡಿ 1840ರ ದಶಕದ ಕೊನೆಯಲ್ಲಿ ಮನೆ ಕೆಡವಿಸಿಕೊಂಡವರ ವಿವರವನ್ನು ಮೇಲಿನವರಿಗೆ ಕಳಿಸುತ್ತಲೇ ಇದ್ದ. ಗ್ರಿಫಿತ್ ಬರುವ ಹೊತ್ತಿಗೆ ಅಲ್ಲಿ ಇಲ್ಲವಾಗಿದ್ದವರು ಈ ಪಟ್ಟಿಯಲ್ಲಿ ಇದ್ದಾರೆ. ಎರಡೂ ಒಂದೇ ಕಡೆ ಸಿಗುವುದರಿಂದಲೇ ಒಬ್ಬ ಮನುಷ್ಯ ಎಲ್ಲಿ ಕಾಣೆಯಾದ ಎಂಬುದನ್ನು ಓದುಗನೇ ಕಂಡುಕೊಳ್ಳಬಹುದು.

ಬಹಳಷ್ಟು ಕೌಂಟಿಗಳಲ್ಲಿ ಇರುವ ವಂಶಾವಳಿ ಕೇಂದ್ರಗಳ ಬಗ್ಗೆ ಇಷ್ಟು ಮುಕ್ತವಾಗಿ ಹೊಗಳಲಾಗದು. ದಶಕಗಳ ಹಿಂದೆ, ಕಂಪ್ಯೂಟರ್ ಅಪರೂಪವಾಗಿದ್ದಾಗಲೇ ಅವು ಪ್ಯಾರಿಷ್ ಪುಸ್ತಕಗಳನ್ನು ಸೂಚಿಗೆ ಇಳಿಸಿದವು. ಯಾವ ಹೆಸರು ಆ ಸೀಮೆಯಲ್ಲಿ ಹೇಗೆಲ್ಲ ಬರೆಯಲ್ಪಡುತ್ತಿತ್ತು ಎಂಬುದನ್ನು ಅಲ್ಲಿನ ಸಿಬ್ಬಂದಿಯಷ್ಟು ಬಲ್ಲವರು ಕಡಿಮೆ. ಆದರೂ ಹಣ ಕೊಟ್ಟವನಿಗೆ ಹೆಚ್ಚಾಗಿ ಸಿಗುವುದು ಟೈಪು ಮಾಡಿದ ಒಂದು ನಮೂದು. ಪಾದ್ರಿಯ ಲ್ಯಾಟಿನ್ ಕೈಬರಹದಲ್ಲಿ ಓದಿದವರು ಎಡವಿದ್ದರೆ ಆ ತಪ್ಪು ಅವನ ವಂಶವೃಕ್ಷದಲ್ಲಿ ಕಾಯಂ ಆಗುತ್ತದೆ. 2015ರ ಜುಲೈನಲ್ಲಿ ರಾಷ್ಟ್ರೀಯ ಗ್ರಂಥಾಲಯ ಸಾವಿರಕ್ಕೂ ಹೆಚ್ಚು ಕ್ಯಾಥೊಲಿಕ್ ಪ್ಯಾರಿಷ್‌ಗಳ ಪುಟಗಳ ಚಿತ್ರವನ್ನೇ ಉಚಿತವಾಗಿ ತೆರೆದಿಟ್ಟ ಮೇಲೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತಿದೆ. ಆ ಚಿತ್ರಗಳ ಜೊತೆ ಗ್ರಂಥಾಲಯ ಹೆಸರಿನ ಸೂಚಿ ಕೊಡಲಿಲ್ಲ. ಕೇಂದ್ರಗಳ ಬಳಿ ಸೂಚಿ ಇದೆ. ಪ್ರತಿ ನಮೂದಿನ ಪಕ್ಕದಲ್ಲಿ ಮೂಲ ಪುಟದ ಕೊಂಡಿಯೊಂದನ್ನು ಕೇಂದ್ರಗಳು ಕೊಟ್ಟರೆ ಓದುಗನೇ ಕಣ್ಣಾರೆ ನೋಡಿ, ದೀಕ್ಷೆಯ ಸಾಕ್ಷಿಗಳ ಹೆಸರಿನಿಂದ ನೆಂಟರನ್ನೂ, ಅಂಚಿನಲ್ಲಿ ಬರೆದಿದ್ದರೆ ಟೌನ್‌ಲ್ಯಾಂಡನ್ನೂ ಗುರುತಿಸಬಲ್ಲ. ಶುಲ್ಕ ತೆಗೆದುಕೊಳ್ಳುವವರಿಂದ ಓದುಗ ಇಷ್ಟನ್ನು ಕೇಳುವುದು ನ್ಯಾಯವಾಗಿಯೇ ಇದೆ.